ಚರೆ ಎಷ್ಟು ದೂರ ಕೆಲಸ ಮಾಡುತ್ತೆ? ಕಾಗದ ಕಟ್ಟಿ ನೋಡಿ

ಮಧುಗಿರಿ, ಪಾವಗಡ ಕಡೆ ಕಡಲೆಕಾಯಿ ಬಲಿಯುವ ಹೊತ್ತಿಗೆ ಕಾಡುಹಂದಿ ಕಾಟ ಶುರುವಾಗುತ್ತದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು 12 ಬೋರ್ ಬಂದೂಕು ಇಟ್ಟುಕೊಂಡವರನ್ನು ‘ಇದು ಎಷ್ಟು ದೂರ ಹೊಡೆಯುತ್ತೆ?’ ಎಂದು ಕೇಳಿದರೆ ಐವತ್ತು ಮೀಟರ್ ಅನ್ನುವವರಿದ್ದಾರೆ, ನೂರು ಅನ್ನುವವರೂ ಇದ್ದಾರೆ. ದಪ್ಪ ಚರೆಯ, ಅಂದರೆ ಸೀಸದ ದೊಡ್ಡ ಕಾಳುಗಳ ತೋಟಾ ಹಾಕಿದ ಮಾಮೂಲಿ ಬಂದೂಕಿಗೆ 25ರಿಂದ 35 ಮೀಟರ್ ದಾಟಿದರೆ ನಂಬಿಕೆ ಇಡುವಂತಿಲ್ಲ. ಹಳೆಯ ನಳಿಗೆಯಾದರೆ ಇನ್ನೂ ಕಡಿಮೆ. ನಿಮ್ಮ ಬಂದೂಕಿನ ಲೆಕ್ಕ ಎಷ್ಟು ಅಂತ ಪರೀಕ್ಷೆ ಮಾಡಿಯೇ ತಿಳಿಯಬೇಕು.

ಮೊದಲು ಹರಡುವ ಬಗೆ ತಿಳಿದುಕೊಳ್ಳಿ. ನಮ್ಮಲ್ಲಿ ಎಸ್‌ಜಿ ಅನ್ನುವ, ಅಮೆರಿಕದಲ್ಲಿ ಡಬಲ್ ಆಟ್ ಅನ್ನುವ ಚರೆ ಸುಮಾರು 8.4 ಮಿ.ಮೀ. ದಪ್ಪ, ಬಟಾಣಿ ಕಾಳಿನಷ್ಟು. ಡಬಲ್ ಆಟ್ ತೋಟಾದಲ್ಲಿ ಸಾಮಾನ್ಯವಾಗಿ 8 ಅಥವಾ 9 ಚರೆ ಇರುತ್ತವೆ. ಮದ್ದು ಸಿಡಿದಾಗ ಹಿಂದಿನ ಚರೆಗಳು ಮುಂದಿನವನ್ನು ಒತ್ತುತ್ತವೆ. ಸೀಸ ಮೆತ್ತಗಿನ ಲೋಹ, ಕೆಲವು ಚರೆ ಚಪ್ಪಟೆಯಾಗುತ್ತವೆ. ರೂಪ ಕೆಟ್ಟ ಚರೆ ಗಾಳಿಯಲ್ಲಿ ನೇರ ಹೋಗದೆ ಪಕ್ಕಕ್ಕೆ ಸರಿಯುತ್ತದೆ. ಹಳೇ ಲೆಕ್ಕದ ಪ್ರಕಾರ ಒಂದು ಗಜಕ್ಕೆ ಒಂದು ಇಂಚು ಹರಡುತ್ತದೆ. ಅಂದರೆ 10 ಮೀಟರ್‌ನಲ್ಲಿ ಸುಮಾರು 28 ಸೆಂ.ಮೀ., 20ರಲ್ಲಿ 56, 30ರಲ್ಲಿ 83. ಇದು ಅಂದಾಜು ಅಷ್ಟೇ. ಚರೆಗಳನ್ನು ಪ್ಲಾಸ್ಟಿಕ್ ಬಟ್ಟಲಲ್ಲಿ ಹಿಡಿದಿಡುವ ಒಳ್ಳೆಯ ತೋಟಾ ಇದರ ಅರ್ಧದಷ್ಟೂ ಹರಡದಿರಬಹುದು.

ಇಲ್ಲೇ ಇರೋದು ಮುಖ್ಯ ವಿಷಯ. 40 ಮೀಟರ್‌ನಲ್ಲಿ ಒಂದೊಂದು ಚರೆಗೂ ಗಾಯ ಮಾಡುವಷ್ಟು ಬಲ ಇದ್ದೇ ಇರುತ್ತದೆ. ಆದರೆ ಚರೆಗಳ ನಡುವೆ ಖಾಲಿ ಜಾಗ ಜಾಸ್ತಿ. ಒಂದೋ ಎರಡೋ ಚರೆ ಹೊಟ್ಟೆಗೆ ತಗುಲಿಸಿಕೊಂಡ ಹಂದಿ ಅಲ್ಲೇ ಬೀಳುವುದಿಲ್ಲ. ಗುಡ್ಡದ ಪೊದೆ ಸೇರಿ ನರಳಿ ಸಾಯುತ್ತದೆ. ಇಲ್ಲವೇ ಬೆಳಗ್ಗೆ ಹುಲ್ಲಿಗೆ ಹೋದವರ ಮೇಲೆ ನುಗ್ಗುತ್ತದೆ.

ಪರೀಕ್ಷೆಗೆ ಸುಮ್ನೆ ಹೊಲದಲ್ಲಿ ನಿಂತು ಹಾರಿಸಬೇಡಿ. ಪರವಾನಗಿ ಪುಸ್ತಕದ ಷರತ್ತು ಓದಿ, ಠಾಣೆಯಲ್ಲಿ ವಿಚಾರಿಸಿ, ಅನುಮತಿ ಇರುವ ಶೂಟಿಂಗ್ ರೇಂಜ್‌ನಲ್ಲೇ ಮಾಡಿ. ನಮ್ಮ ಕಡೆ ಎಲ್ಲಿ ನೋಡಿದರೂ ಬಂಡೆ. ಬಂಡೆಗೆ ಬಡಿದ ಚರೆ ಯಾವ ದಿಕ್ಕಿಗೆ ಚಿಮ್ಮುತ್ತೋ ಹೇಳಲಾಗದು. ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬವೇ ಇರಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಬೇಕೇ ಬೇಕು.

ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಕಾಗದ ಸಿದ್ಧ ಮಾಡಿ. ಹಳೇ ಪೇಪರ್‌ಗಳನ್ನು ಅಂಟಿಸಿಕೊಂಡರೂ ಆಗುತ್ತದೆ. ನಡುವೆ ಕಪ್ಪು ಚುಕ್ಕೆ ಇಡಿ. ಅದರ ಸುತ್ತ 25 ಸೆಂ.ಮೀ. ಅಗಲದ ತಟ್ಟೆ ಇಟ್ಟು ಗೆರೆ ಎಳೆಯಿರಿ. ಟೇಪ್ ಹಿಡಿದು 10 ಮೀಟರ್ ಅಳೆಯಿರಿ, ಹೆಜ್ಜೆ ಲೆಕ್ಕ ಬೇಡ. ಮರಳಿನ ಚೀಲದ ಮೇಲೆ ಬಂದೂಕು ಊರಿ ಚುಕ್ಕೆಗೆ ಗುರಿಯಿಟ್ಟು ಒಂದೇ ಒಂದು ತೋಟಾ ಹಾರಿಸಿ. ಬಂದೂಕು ಖಾಲಿ ಮಾಡಿ, ನಳಿಗೆ ತೆರೆದಿಟ್ಟ ಮೇಲೆಯೇ ಕಾಗದದ ಹತ್ತಿರ ಹೋಗಿ. ದೂರ, ತೋಟಾದ ಹೆಸರು, ಯಾವ ನಳಿಗೆ ಎಂದು ಕಾಗದದ ಮೂಲೆಯಲ್ಲಿ ಬರೆಯಿರಿ. ಪ್ರತಿ ಹೊಡೆತಕ್ಕೂ ಹೊಸ ಕಾಗದ. 15, 20, 25, 30 ಮೀಟರ್‌ಗೂ ಹೀಗೇ, ದೂರಕ್ಕೆ ಮೂರು ಹಾಳೆಯಾದರೂ ಇರಲಿ. ಒಂದೇ ಡಬ್ಬದ ಎರಡು ತೋಟಾ ಒಂದೇ ತರಹ ಹರಡುವುದಿಲ್ಲ.

ಈಗ ತೂತು ಎಣಿಸಿ. ಗೆರೆಯೊಳಗೆ ಎಷ್ಟು, ಹೊರಗೆ ಎಷ್ಟು? ಗುಂಪಿನ ನಡುಭಾಗ ಚುಕ್ಕೆಯ ಮೇಲೇ ಇದೆಯಾ, ಎಡಕ್ಕೋ ಕೆಳಕ್ಕೋ ಸರಿದಿದೆಯಾ? ಮೂರೂ ಹಾಳೆಯಲ್ಲಿ ಬಹುಪಾಲು ಚರೆ ಗೆರೆಯೊಳಗೆ ಬಿದ್ದ ಕೊನೆಯ ದೂರವೇ ನಿಮ್ಮ ಬಂದೂಕಿನ ಮಿತಿ. ಅದು 15 ಮೀಟರ್ ಬಂದರೆ 15 ಅಂತಲೇ ಒಪ್ಪಿಕೊಳ್ಳಿ.

ಜೋಡಿ ನಳಿಗೆಯಾದರೆ ಎರಡನ್ನೂ ಬೇರೆಬೇರೆ ನೋಡಿ. ಸಾಮಾನ್ಯವಾಗಿ ಒಂದರ ಬಾಯಿ ಇನ್ನೊಂದಕ್ಕಿಂತ ಕಿರಿದು, ಅದನ್ನು ಚೋಕ್ ಅಂತಾರೆ. ಸಣ್ಣ ಚರೆಯನ್ನು ಅದು ಒಟ್ಟುಗೂಡಿಸುತ್ತದೆ. ಆದರೆ ತೀರಾ ಕಿರಿದಾದ ಬಾಯಲ್ಲಿ ದಪ್ಪ ಚರೆ ಜಜ್ಜಿ ಇನ್ನೂ ಜಾಸ್ತಿ ಹರಡುವುದೂ ಉಂಟು. ತೋಟಾದ ಕಂಪನಿ ಬದಲಾದರೆ ಪರೀಕ್ಷೆಯನ್ನೂ ಹೊಸದಾಗಿ ಮಾಡಿ.

ಇನ್ನೊಂದು ದೂರವೂ ಇದೆ. ನಳಿಗೆ ಮೇಲೆತ್ತಿ ಹಾರಿಸಿದರೆ ಇದೇ ಚರೆ 600 ಮೀಟರ್‌ಗೂ ಆಚೆ ಹೋಗಿ ಬೀಳಬಹುದು. ಅಷ್ಟರೊಳಗೆ ಪಕ್ಕದ ತೋಟದ ಮನೆ, ನೀರು ಕಟ್ಟುತ್ತಿರುವವರು, ರಸ್ತೆ ಎಲ್ಲ ಇರುತ್ತವೆ ಅಲ್ವಾ? ಟಾರ್ಚ್ ಬೆಳಕಿನಲ್ಲಿ ಹೊಳೆದ ಕಣ್ಣಿಗೆ ಹಾರಿಸುವುದು ಇದಕ್ಕೇ ಅಪಾಯ.

ಪರವಾನಗಿ ಇದೆ ಅಂದ ಮಾತ್ರಕ್ಕೆ ಹಂದಿಗೆ ಹೊಡೆಯಬಹುದು ಅಂತಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, 1972ರ ವನ್ಯಜೀವಿ ಕಾಯ್ದೆ ಇದೆ. ನವಿಲು, ಮೈದನಹಳ್ಳಿ ಕಡೆಯ ಕೃಷ್ಣಮೃಗದತ್ತ ನಳಿಗೆ ತಿರುಗಿಸಲೇಬಾರದು.

ಅನುಮತಿ ಸಿಕ್ಕವರು ಕಾವಲು ಅಟ್ಟಣೆಯಿಂದ ನಿಮ್ಮ ಮಿತಿಯ ದೂರವನ್ನು ಟೇಪ್‌ನಲ್ಲಿ ಅಳೆದು, ಸುತ್ತ ನಾಲ್ಕೈದು ಕಡೆ ಸುಣ್ಣ ಬಳಿದ ಕಲ್ಲು ನೆಡಿ. ರಾತ್ರಿ ಕಣ್ಣಳತೆ ಮೋಸ ಮಾಡುತ್ತದೆ. ಸುಣ್ಣದ ಕಲ್ಲು ಟಾರ್ಚ್‌ಗೆ ಚೆನ್ನಾಗಿ ಕಾಣುತ್ತದೆ. ಹಂದಿ ಕಲ್ಲಿನಾಚೆ ಇದ್ದರೆ ತಮಟೆ ಬಡಿದು ಓಡಿಸಿ.