ಬೇಕಾದ ಅಕ್ಷರಗಳಿರುವ ಇಂಗ್ಲಿಷ್ ಪದವನ್ನು ಹುಡುಕುವ ಬಗೆ

ಕೆಲವು ಅಕ್ಷರಗಳು ಮಾತ್ರ ತಿಳಿದಿದ್ದು ಪದ ತಿಳಿಯದಿರುವಾಗ, ಹುಡುಕಾಟಕ್ಕೆ ಕೈಹಾಕುವ ಮೊದಲು ಪ್ರಶ್ನೆ ಯಾವ ಬಗೆಯದು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಪದಬಂಧದಲ್ಲಿ ಅಕ್ಷರದ ಜೊತೆಗೆ ಅದರ ಸ್ಥಾನವೂ ತಿಳಿದಿರುತ್ತದೆ. ಕೆಲವು ಒಗಟುಗಳಲ್ಲಿ ಅಕ್ಷರವು ಪದದೊಳಗೆ ಎಲ್ಲೋ ಇದೆ ಎಂಬಷ್ಟೇ ತಿಳಿದಿರುತ್ತದೆ. ಸ್ಕ್ರ್ಯಾಬಲ್‌ನಂತಹ ಆಟದಲ್ಲಾದರೋ ಕೈಯಲ್ಲಿರುವ ಅಕ್ಷರದ ಬಿಲ್ಲೆಗಳನ್ನೇ ಹಿಂದೆ ಮುಂದೆ ಮಾಡಿ ಪದ ಕಟ್ಟಬೇಕಾಗುತ್ತದೆ. ಈ ಮೂರಕ್ಕೂ ದಾರಿ ಬೇರೆ ಬೇರೆ. ಒಂದರ ದಾರಿಯಲ್ಲಿ ಇನ್ನೊಂದನ್ನು ಹುಡುಕಹೊರಟವರಿಗೆ ಹೊತ್ತು ಹೋಗುತ್ತದೆಯೇ ಹೊರತು ಪದ ಸಿಗುವುದಿಲ್ಲ.

ಸ್ಥಾನ ತಿಳಿದಿದ್ದರೆ ಕೆಲಸ ಸುಲಭ. ಐದು ಅಕ್ಷರಗಳ ಪದವೊಂದರಲ್ಲಿ ಮೊದಲನೆಯದು ಕೆ, ಮೂರನೆಯದು ಎ ಎಂದು ತಿಳಿದಿದೆ ಎಂದುಕೊಳ್ಳೋಣ. ಅದನ್ನು ‘ಕೆ ? ಎ ? ?’ ಎಂದು ಬರೆದುಕೊಳ್ಳಬೇಕು. ಪ್ರಶ್ನಾರ್ಥಕ ಚಿಹ್ನೆ ಒಂದೇ ಒಂದು ಅಜ್ಞಾತ ಅಕ್ಷರಕ್ಕೆ, ನಕ್ಷತ್ರ ಚಿಹ್ನೆ ಎಷ್ಟು ಬೇಕಾದರೂ ಅಕ್ಷರಗಳಿಗೆ ನಿಲ್ಲುತ್ತದೆ ಎಂಬ ಒಪ್ಪಂದವನ್ನು ಒನ್‌ಲುಕ್ ಎಂಬ ಜಾಲತಾಣದ ನಿಘಂಟು ಶೋಧವೂ ಎಕ್ಸೆಲ್ ತಂತ್ರಾಂಶವೂ ಪಾಲಿಸುತ್ತವೆ. ಮೇಲಿನ ಮಾದರಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ‘ಖಾಕಿ’, ‘ಕೊಆಲಾ’, ಕೈಚಳಕ ಎಂಬರ್ಥದ ‘ನ್ಯಾಕ್’ ಮೊದಲಾದವು ಬರುತ್ತವೆ. ಕೊನೆಯ ಪದವನ್ನು ಗಮನಿಸಬೇಕು: ಅದರ ಮೊದಲ ಅಕ್ಷರವಾದ ಕೆ ಕಿವಿಗೆ ಬೀಳುವುದೇ ಇಲ್ಲ. ಶಿರಸಿ, ಸಿದ್ದಾಪುರದ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಎಡವುವುದು ಇಂಥಲ್ಲಿಯೇ, ಏಕೆಂದರೆ ಉಚ್ಚರಿಸಿದಂತೆ ಬರೆಯುವ ಲಿಪಿಗೆ ಒಗ್ಗಿದವರು ಇಂಗ್ಲಿಷ್ ಪದವನ್ನೂ ಕಿವಿಯಿಂದಲೇ ಹುಡುಕುತ್ತಾರೆ. ‘ಬ್ರಿಜ್’ ಎಂದು ಕೇಳಿದವರು ಜೆ ಅಕ್ಷರದಿಂದ ಮುಗಿಯುವ ಪದಗಳನ್ನು ಅರಸಿದರೆ, ‘ರಾಜ್’, ‘ಹಜ್’ ಎಂಬಂತಹ ಎರವಲು ಪದಗಳಲ್ಲದೆ ಹೆಚ್ಚೇನೂ ಸಿಗುವುದಿಲ್ಲ. ಆ ಧ್ವನಿ ಪದದ ಕೊನೆಯಲ್ಲಿ ಬಂದಾಗ ಡಿ-ಜಿ-ಇ ಅಥವಾ ಜಿ-ಇ ಎಂದು ಬರೆಯುವುದು ಇಂಗ್ಲಿಷಿನ ರೂಢಿ.

ಸ್ಥಾನ ತಿಳಿಯದೆ, ಇಂಥ ಅಕ್ಷರಗಳು ಪದದಲ್ಲಿ ಇವೆ ಎಂಬಷ್ಟೇ ತಿಳಿದಿದ್ದರೆ, ಅತ್ಯಂತ ವಿರಳವಾದ ಅಕ್ಷರದಿಂದ ಆರಂಭಿಸಬೇಕು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಅಕ್ಷರ ಇ. ಕ್ಯೂ, ಜೆ, ಎಕ್ಸ್, ಝಡ್ ಇವು ಅತಿ ವಿರಳ. ಸ್ಕ್ರ್ಯಾಬಲ್‌ನ 100 ಬಿಲ್ಲೆಗಳಲ್ಲಿ ಇ ಅಕ್ಷರಕ್ಕೆ 12 ಬಿಲ್ಲೆಗಳಿದ್ದು ತಲಾ 1 ಅಂಕ, ಕ್ಯೂ ಮತ್ತು ಝಡ್‌ಗೆ ಒಂದೊಂದೇ ಬಿಲ್ಲೆ ಇದ್ದು ತಲಾ 10 ಅಂಕ ಇರುವುದೂ ಇದೇ ಲೆಕ್ಕದಿಂದ. ವಿರಳ ಅಕ್ಷರಗಳು ಪದದಲ್ಲಿ ಸಿಕ್ಕಸಿಕ್ಕಲ್ಲಿ ಕೂರುವುದಿಲ್ಲ ಎಂಬುದೇ ಹುಡುಕುವವರಿಗಿರುವ ದೊಡ್ಡ ಅನುಕೂಲ. ಜೆ ಹೆಚ್ಚಾಗಿ ಪದದ ಆರಂಭದಲ್ಲಿರುತ್ತದೆ. ನಡುವೆ ಬಂದರೆ ಬಹುತೇಕ ಒಂದು ಉಪಸರ್ಗದ ಬೆನ್ನಿಗೇ ಬರುತ್ತದೆ. ‘ಅಡ್ಜಸ್ಟ್’, ‘ಆಬ್ಜೆಕ್ಟ್’, ‘ಸಬ್ಜೆಕ್ಟ್’, ‘ಇಂಜೆಕ್ಟ್’, ‘ರಿಜೆಕ್ಟ್’, ‘ಪ್ರಾಜೆಕ್ಟ್’ ಇವೆಲ್ಲ ಒಂದೇ ಸಾಲಿನವು. ಹೀಗಾಗಿ ಜೆ ಜೊತೆಗೆ ಬಿ ಕೂಡ ಇದೆ ಎಂದು ತಿಳಿದರೆ ಮೊದಲು ನೆನೆಯಬೇಕಾದವು ಓ-ಬಿ, ಎಸ್-ಯು-ಬಿ ಎಂಬ ಆರಂಭಗಳು. ಕ್ಯೂ ಪಕ್ಕದಲ್ಲಿ ಯು ಇರುತ್ತದೆಂದು ಎಣಿಸುವುದು ಸರಿಯೇ. ಇಲ್ಲದಿದ್ದರೆ ಆ ಪದ ಹೆಚ್ಚಾಗಿ ಅರಬಿ ಅಥವಾ ಚೀನೀ ಮೂಲದ್ದು. ‘ಬುರ್ಖಾ’, ‘ನಿಖಾಬ್’, ‘ಫಕೀರ್’ ಪದಗಳನ್ನು ಇಂಗ್ಲಿಷಿನಲ್ಲಿ ಕ್ಯೂ ಹಾಕಿ, ಅದರ ನಂತರ ಯು ಇಲ್ಲದೆ ಬರೆಯುವುದುಂಟು. ವಿ ಅಕ್ಷರ ಪದದ ಕೊನೆಯಲ್ಲಿ ನಿಲ್ಲುವುದು ಅಪರೂಪ, ಅದರ ನಂತರ ಸಾಮಾನ್ಯವಾಗಿ ಒಂದು ಇ ಬರುತ್ತದೆ.

ಇದ್ದ ಅಕ್ಷರಗಳಿಂದಲೇ ಪದ ಕಟ್ಟುವ ಮೂರನೆಯ ಬಗೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಸೊಗಸು. ಅದಕ್ಕೆ ಸಲಕರಣೆಯೂ ಬೇಡ. ಕೊಂಕಣ ರೈಲ್ವೆಯ ನಿಲ್ದಾಣಗಳ ಫಲಕಗಳಲ್ಲಿ ಇಂಗ್ಲಿಷಿನಲ್ಲಿ ಬರೆದ ನಮ್ಮ ಕರಾವಳಿಯ ಊರುಗಳ ಹೆಸರುಗಳೇ ಅಭ್ಯಾಸಕ್ಕೆ ಸಾಕು. ಅಂಕೋಲಾದ ಆರು ಅಕ್ಷರಗಳಲ್ಲಿ ಎನ್ ಒಂದನ್ನು ಬಿಟ್ಟರೆ ‘ಕೊಆಲಾ’ ಆಗುತ್ತದೆ. ‘ಲೋನ್’, ‘ಓಕ್’ ಕೂಡ ಅಲ್ಲಿವೆ. ಕಾರವಾರ ಈ ವಿಷಯದಲ್ಲಿ ಬಡವ: ‘ಆರ್ಕ್’, ‘ವಾರ್’, ಹಸಿ ಎಂಬರ್ಥದ ‘ರಾ’ ಆದ ಮೇಲೆ ಮುಂದೆ ಹೋಗುವುದು ಕಷ್ಟ. ರೈಲು ಇಲ್ಲದ ಶಿರಸಿಯ ಐದು ಅಕ್ಷರಗಳಲ್ಲಿ ‘ಐರಿಸ್’ ಎಂಬ ಹೂವು ಅಡಗಿದೆ. ಗೋಕರ್ಣವಂತೂ ಸಮೃದ್ಧ. ಅಕ್ಷರಗಳನ್ನು ಚೀಟಿಗಳ ಮೇಲೆ ಬರೆದು, ಸ್ವರಗಳಾದ ಓ, ಎ, ಎ ಒಂದು ಸಾಲಿನಲ್ಲೂ ಜಿ, ಕೆ, ಆರ್, ಎನ್ ಇನ್ನೊಂದು ಸಾಲಿನಲ್ಲೂ ಇಡಬೇಕು. ಬಳಿಕ ಒಟ್ಟಿಗೆ ಬರಬಲ್ಲ ವ್ಯಂಜನಗಳನ್ನು ಜೋಡಿಸಿ ನೋಡಬೇಕು. ಜಿ-ಆರ್ ಸೇರಿದರೆ ನರಳು ಎಂಬರ್ಥದ ‘ಗ್ರೋನ್’, ಆರ್-ಜಿ ಸೇರಿದರೆ ‘ಆರ್ಗನ್’ ಮತ್ತು ‘ಆರ್ಗಾನ್’, ಎನ್-ಜಿ ಸೇರಿದರೆ ‘ಅಂಗೋರಾ’, ಎನ್-ಕೆ ಸೇರಿದರೆ ‘ರ‍್ಯಾಂಕ್’, ಕೆ-ಆರ್ ಸೇರಿದರೆ ಸ್ವೀಡನ್ನಿನ ನಾಣ್ಯವಾದ ‘ಕ್ರೋನಾ’ ಹೊರಬರುತ್ತವೆ. ಕಣ್ಣಾಡಿಸುತ್ತ ಕಾಯುವುದಕ್ಕಿಂತ ಹೀಗೆ ಜೋಡಿ ಹಿಡಿದು ಹೋಗುವುದು ಎಷ್ಟೋ ಮೇಲು.

ಒಂದು ಪದದ ಎಲ್ಲ ಅಕ್ಷರಗಳನ್ನೂ ಬಳಸಿ ಇನ್ನೊಂದು ಪದ ಆಗುತ್ತದೆಯೇ ಎಂದು ತಿಳಿಯಲು ಎರಡರ ಅಕ್ಷರಗಳನ್ನೂ ವರ್ಣಮಾಲೆಯ ಕ್ರಮದಲ್ಲಿ ಬರೆದು ಹೋಲಿಸಿದರಾಯಿತು. ‘ಲಿಸನ್’ ಮತ್ತು ‘ಸೈಲೆಂಟ್’ ಎರಡೂ ಇ-ಐ-ಎಲ್-ಎನ್-ಎಸ್-ಟಿ ಎಂದೇ ಆಗುತ್ತವೆ.

ಮಳೆಗಾಲದಲ್ಲಿ ಘಟ್ಟದ ಮೇಲೂ ಕೆಳಗೂ ಕರೆಂಟು ಮತ್ತು ಮೊಬೈಲ್ ಸಿಗ್ನಲ್ ಒಟ್ಟಿಗೇ ಕೈಕೊಡುವ ನಮ್ಮ ಜಿಲ್ಲೆಯಲ್ಲಿ ಜಾಲತಾಣವನ್ನೇ ನಂಬಿ ಕೂರುವಂತಿಲ್ಲ. ಸಾಲಿಗೊಂದು ಪದವಿರುವ ಪಟ್ಟಿಯೊಂದನ್ನು ಮೊದಲೇ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆದಿಟ್ಟರೆ, ಬ್ಯಾಟರಿ ಇರುವಷ್ಟು ಹೊತ್ತು ಫಿಲ್ಟರ್ ಹಾಕಿ ಹುಡುಕಬಹುದು. ಒಂದು ಅಕ್ಷರಕ್ಕೆ ಸೋಸಿ ಬಂದ ಪದಗಳನ್ನು ಬೇರೆ ಹಾಳೆಗೆ ನಕಲು ಮಾಡಿ ಮುಂದಿನ ಅಕ್ಷರಕ್ಕೆ ಮತ್ತೆ ಸೋಸುತ್ತ ಹೋಗಬೇಕು. 2021ರಲ್ಲಿ ಸಾರ್ವಜನಿಕರಿಗೆ ಬಂದ, ಐದು ಅಕ್ಷರಗಳ ಪದ ಊಹಿಸುವ ವರ್ಡಲ್ ಆಟದಂತೆ ಇಲ್ಲದ ಅಕ್ಷರಗಳೂ ತಿಳಿದಿದ್ದರೆ, ಅವನ್ನು ಹೊಂದಿದ ಪದಗಳನ್ನು ಹೀಗೆಯೇ ತೆಗೆದುಹಾಕಬಹುದು. ಪಟ್ಟಿ ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ಭ್ರಮೆ ಬೇಡ. ಸ್ಕ್ರ್ಯಾಬಲ್ ಸ್ಪರ್ಧೆಗಳ ಕಾಲಿನ್ಸ್ ಪಟ್ಟಿಯಲ್ಲಿ 2,70,000ಕ್ಕೂ ಹೆಚ್ಚು ಪದಗಳಿವೆ. ಅವುಗಳಲ್ಲಿ ಬಹುಪಾಲನ್ನು ಪ್ರೌಢಶಾಲೆಯ ವಿದ್ಯಾರ್ಥಿ ಎಲ್ಲಿಯೂ ಕಾಣಲಾರ. ಕಲಿಯುವವರಿಗೆ ಸಾಮಾನ್ಯ ಬಳಕೆಯ ಕೆಲವು ಸಾವಿರ ಪದಗಳ ಪಟ್ಟಿಯೇ ಮೇಲು.

ಪಟ್ಟಿ ಆರಿಸುವಾಗ ಅದು ಬ್ರಿಟಿಷ್ ಕಾಗುಣಿತದ್ದೋ ಅಮೆರಿಕನ್ ಕಾಗುಣಿತದ್ದೋ ಎಂಬುದನ್ನೂ ನೋಡಿಕೊಳ್ಳಬೇಕು. ನಮ್ಮ ಪಠ್ಯಪುಸ್ತಕಗಳ ರೂಢಿಯಂತೆ ‘ಕಲರ್’ ಪದದಲ್ಲಿ ಯು ಇದೆಯೆಂದು ಆರು ಅಕ್ಷರಗಳ ಮಾದರಿ ಕೊಟ್ಟರೆ, ಅಮೆರಿಕನ್ ಪಟ್ಟಿಯಲ್ಲಿ ಆ ಪದ ಐದೇ ಅಕ್ಷರಗಳದ್ದಾಗಿರುವುದರಿಂದ ಎಷ್ಟು ಸೋಸಿದರೂ ಸಿಗುವುದಿಲ್ಲ.