ಔಟ್‌ಬೋರ್ಡ್ ಇಂಜಿನ್ ಎಣ್ಣೆಗೆ ನೀರು ಸೇರಿದರೆ ದಾರಿ ಹುಡುಕುವ ಬಗೆ

ಗಿಯರ್ ಎಣ್ಣೆ ಬೆಳ್ಳಗಾಗಿದೆ, ಬದಲಾಯಿಸಿಕೊಡಿ ಅಂತ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ತಗುಲಿಸುವ) ಇಂಜಿನ್ ಹೊತ್ತು ತರುವವರು ಜಾಸ್ತಿ. ಬದಲಾಯಿಸುವುದು ಸುಲಭ. ಆದರೆ ನೀರು ಬಂದ ದಾರಿ ಹುಡುಕದೆ ಹೊಸ ಎಣ್ಣೆ ತುಂಬಿದರೆ ಸ್ವಲ್ಪ ದಿನದಲ್ಲೇ ಅದೂ ಬೆಳ್ಳಗಾಗುತ್ತದೆ. ಅಷ್ಟರೊಳಗೆ ಬೇರಿಂಗ್‌ಗೆ ತುಕ್ಕು ಹಿಡಿದಿರುತ್ತದೆ. ಗಂಗೊಳ್ಳಿ ಕಡೆಯ ನಾಡದೋಣಿಗಳ ಇಂಜಿನ್ ಬಿಚ್ಚಿ ಕಟ್ಟುವುದು ನನ್ನ ಕೆಲಸ. ಇಲ್ಲಿ ಬರೆದಿರುವುದು ಆ ಕೆಲಸದಲ್ಲಿ ಕಂಡದ್ದು.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಸೀಮೆಎಣ್ಣೆಯಲ್ಲಿ ಓಡುವ ನಮ್ಮ ಟೂ ಸ್ಟ್ರೋಕ್ ಇಂಜಿನ್‌ಗಳಲ್ಲಿ ಆಯಿಲ್ ಇಂಧನದ ಜೊತೆಯೇ ಸೇರಿ ಉರಿದುಹೋಗುತ್ತದೆ. ಎಣ್ಣೆ ನಿಂತಿರುವುದು ಕೆಳಗಿನ ಗಿಯರ್ ಕೇಸಿನಲ್ಲಿ ಮಾತ್ರ. ಹಾಗಾಗಿ ನೀರು ಸೇರಿದೆ ಅಂದರೆ ಅಲ್ಲೇ ನೋಡಬೇಕು. ಫೋರ್ ಸ್ಟ್ರೋಕ್‌ನಲ್ಲಿ ಮೇಲೆಯೂ ಎಣ್ಣೆ ಇರುತ್ತದೆ. ಅದರ ಕಥೆ ಬೇರೆ, ಕೊನೆಗೆ ಹೇಳುತ್ತೇನೆ.

ಇಂಜಿನ್ ನಿಲ್ಲಿಸಿದ ತಕ್ಷಣ ಎಣ್ಣೆ ತೆಗೆದು ನೋಡಬೇಡಿ. ಗಿಯರ್ ತಿರುಗಿ ತಿರುಗಿ ಎಣ್ಣೆಯಲ್ಲಿ ಗಾಳಿಗುಳ್ಳೆ ತುಂಬಿರುತ್ತದೆ, ಅದೂ ಬೆಳ್ಳಗೇ ಕಾಣುತ್ತದೆ. ಇಂಜಿನನ್ನು ನೆಟ್ಟಗೆ ನಿಲ್ಲಿಸಿ ರಾತ್ರಿಯಿಡೀ ಬಿಡಿ. ನೀರು ಭಾರ ಅಲ್ವಾ, ತಳಕ್ಕೆ ಇಳಿಯುತ್ತದೆ. ಗಿಯರ್ ಕೇಸಿಗೆ ಎಣ್ಣೆಯ ಎರಡು ಸ್ಕ್ರೂ ಇರುತ್ತವೆ, ಮೇಲೊಂದು, ಕೆಳಗೊಂದು. ಬೆಳಗ್ಗೆ ಮೇಲಿನ ಸ್ಕ್ರೂ ಮುಟ್ಟದೆ, ಕೆಳಗಿನದನ್ನು ಮಾತ್ರ ನಿಧಾನವಾಗಿ ಸಡಿಲಿಸಿ. ಮೇಲಿಂದ ಗಾಳಿ ಸಿಗದ ಕಾರಣ ಎಣ್ಣೆ ಒಮ್ಮೆಲೇ ಸುರಿಯುವುದಿಲ್ಲ. ಮೊದಲ ನಾಲ್ಕಾರು ಹನಿಯನ್ನು ಗಾಜಿನ ಲೋಟಕ್ಕೆ ಹಿಡಿಯಿರಿ. ನೀರು ಹನಿ ಹನಿಯಾಗಿ ಬಂದು, ಹಿಂದೆಯೇ ಎಣ್ಣೆ ಬಂದರೆ ನೀರು ಸೇರಿದ್ದು ಖಾತ್ರಿ. ನೀರೇ ಕಾಣದೆ ಎಲ್ಲವೂ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ನೀರು ಎಣ್ಣೆಯಲ್ಲಿ ಚೆನ್ನಾಗಿ ಕಡೆದುಹೋಗಿದೆ ಅಂತ ಅರ್ಥ. ಆಗ ಮೇಲಿನ ಸ್ಕ್ರೂ ತೆಗೆದು ಪೂರ್ತಿ ಇಳಿಸಿ. ಸ್ಕ್ರೂವಿನ ತುದಿಯಲ್ಲಿ ಆಯಸ್ಕಾಂತ ಇದ್ದರೆ ಅದನ್ನೂ ನೋಡಿ. ಬೂದು ಬಣ್ಣದ ನುಣ್ಣನೆ ಕೆಸರು ಸವೆತದ್ದು, ಅದು ಇರುವುದೇ. ಚೂರುಗಳು ಸಿಕ್ಕರೆ ಗಿಯರ್ ಬಿಚ್ಚಲೇಬೇಕು.

ಈಗ ದಾರಿ ಹುಡುಕುವ ಕೆಲಸ. ಅಗ್ಗದ ಕಾರಣದಿಂದಲೇ ಶುರು ಮಾಡಿ: ಆ ಎರಡು ಸ್ಕ್ರೂಗಳ ವಾಶರ್. ಒಮ್ಮೆ ಬಿಗಿದು ಚಪ್ಪಟೆಯಾದ ವಾಶರ್ ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ಹಳೇ ವಾಶರನ್ನೇ ಹಾಕಿ ಜೋರಾಗಿ ತಿರುಪಿದರೆ ಅಲ್ಯೂಮಿನಿಯಂ ಕೇಸಿನ ತ್ರೆಡ್ ಹಾಳಾಗುತ್ತದೆ, ಅಷ್ಟೆ.

ವಾಶರ್ ಚೆನ್ನಾಗಿದ್ದರೆ ಪ್ರೊಪೆಲರ್ ಬಿಚ್ಚಿ. ಅದರ ಹಿಂದೆ, ಶಾಫ್ಟಿನ ಬುಡದಲ್ಲಿ, ಬಲೆಯ ನೈಲಾನ್ ದಾರ ಸುತ್ತಿರುವುದು ನಮ್ಮ ಕಡೆ ಮಾಮೂಲು. ಹೊರಗಿಂದ ಏನೂ ಕಾಣಿಸುವುದಿಲ್ಲ. ಪ್ರೊಪೆಲರ್ ಹಿಂದಿನ ವಾಶರ್ ಸರಿಸಿದಾಗ ಒಂದು ಎಳೆ ಸಿಗುತ್ತದೆ, ಎಳೆದರೆ ಬರುತ್ತಲೇ ಇರುತ್ತದೆ. ಆ ದಾರ ಶಾಫ್ಟಿನ ಜೊತೆ ತಿರುಗುತ್ತಾ ಬಿಸಿಯಾಗಿ, ನೀರು ತಡೆಯುವ ರಬ್ಬರ್ ಸೀಲಿನ ತುಟಿಯನ್ನು ಕತ್ತರಿಸುತ್ತದೆ. ಶಾಫ್ಟಿನ ಮೇಲೆ ಉಗುರು ಓಡಿಸಿ ನೋಡಿ. ಗೆರೆ ತಾಗಿದರೆ ಹೊಸ ಸೀಲು ಹಾಕಿದರೂ ನೀರು ನಿಲ್ಲುವುದಿಲ್ಲ. ಕಂತುಬಲೆ ಹಾಕುವವರು ಆಗಾಗ ಪ್ರೊಪೆಲರ್ ಬಿಚ್ಚಿ ನೋಡಿಕೊಳ್ಳಬೇಕು.

ಮೂರನೇ ಜಾಗ, ಇಂಜಿನ್ ತಣ್ಣಗಿಡುವ ನೀರಿನ ಪಂಪಿನ ಕೆಳಗಿರುವ ಡ್ರೈವ್ ಶಾಫ್ಟ್ (ಇಂಜಿನ್‌ನಿಂದ ಗಿಯರ್‌ಗೆ ಇಳಿಯುವ ಶಾಫ್ಟ್) ಸೀಲು. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ. ನಾಡದೋಣಿಗಳು ದುಡಿಯುವುದು ಆಗಲೇ. ಅಳಿವೆ ಬಾಗಿಲಿನ ಹೊಯಿಗೆ (ಮರಳು) ಕದಡಿದ ನೀರು ಪಂಪಿನೊಳಗೆ ಹೋಗಿ ಇಂಪೆಲ್ಲರನ್ನೂ (ನೀರು ತಳ್ಳುವ ರಬ್ಬರ್ ಚಕ್ರ), ಕೆಳಗಿನ ಸೀಲನ್ನೂ ಸವೆಸುತ್ತದೆ. ಇಂಪೆಲ್ಲರ್ ಬದಲಿಸುವಾಗ ಆ ಸೀಲನ್ನೂ ನೋಡಿಬಿಡಿ. ಗಿಯರ್ ಹಾಕುವ ರಾಡಿನ ಸೀಲೂ ಹತ್ತಿರದಲ್ಲೇ ಇದೆ.

ಎಣ್ಣೆ ಹೊರಗೆ ಸೋರುತ್ತಿಲ್ಲ, ನೀರು ಮಾತ್ರ ಒಳಗೆ ಹೇಗೆ ಬಂತು ಅಂತ ತುಂಬಾ ಜನ ಕೇಳುತ್ತಾರೆ. ಓಡುವಾಗ ಕೇಸು ಬಿಸಿಯಾಗಿರುತ್ತದೆ. ನಿಲ್ಲಿಸಿದಾಗ ನೀರಿನಲ್ಲೇ ತಣ್ಣಗಾಗುತ್ತದೆ. ಒಳಗಿನ ಒತ್ತಡ ಇಳಿದು, ಸೋತ ಸೀಲಿನ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ.

ಯಾವ ಸೀಲು ಅಂತ ಊಹಿಸಬೇಡಿ, ಗಾಳಿ ಹಾಕಿ ಪರೀಕ್ಷಿಸಿ. ಎಣ್ಣೆ ಖಾಲಿ ಮಾಡಿ, ಕೆಳಗಿನ ಸ್ಕ್ರೂ ಮುಚ್ಚಿ, ಮೇಲಿನ ತೂತಿಗೆ ಗೇಜ್ ಇರುವ ಕೈಪಂಪ್ ಜೋಡಿಸಿ. ಮೊದಲು 3ರಿಂದ 5 ಪಿಎಸ್‌ಐ (ಗೇಜ್ ತೋರಿಸುವ ಒತ್ತಡದ ಅಳತೆ) ಸಾಕು. ಯಾಕೆಂದರೆ ಜಾಸ್ತಿ ಒತ್ತಡಕ್ಕೆ ಸವೆದ ಸೀಲೂ ಶಾಫ್ಟಿಗೆ ಒತ್ತಿಕೊಂಡು ಸರಿ ಇರುವ ಹಾಗೆ ತೋರಿಸುತ್ತದೆ. ಸೋಪಿನ ನೀರು ಸವರಿ, ಪ್ರೊಪೆಲರ್ ಶಾಫ್ಟನ್ನೂ ಡ್ರೈವ್ ಶಾಫ್ಟನ್ನೂ ಕೈಯಲ್ಲಿ ತಿರುಗಿಸುತ್ತಾ ನೋಡಿ. ಆಮೇಲೆ ನಿಮ್ಮ ಇಂಜಿನ್ ಮ್ಯಾನ್ಯುವಲ್ ಹೇಳುವ ಒತ್ತಡಕ್ಕೆ ಏರಿಸಿ. ಗುಳ್ಳೆ ಎದ್ದ ಕಡೆ ದಾರಿ ಇದೆ. ಸೀಲುಗಳಲ್ಲಿ ಎಲ್ಲೂ ಗುಳ್ಳೆ ಇಲ್ಲದೆ ಗೇಜ್ ಮಾತ್ರ ಇಳಿಯುತ್ತಿದ್ದರೆ ಕೇಸಿನಲ್ಲೇ ಬಿರುಕು ಅಥವಾ ಉಪ್ಪು ತಿಂದ ತೂತು ಇರಬಹುದು.

ತುಂಬುವಾಗ ಕೆಳಗಿನ ತೂತಿನಿಂದಲೇ ಪಂಪ್ ಮಾಡಿ, ಮೇಲಿನಿಂದ ಗುಳ್ಳೆ ಇಲ್ಲದೆ ಎಣ್ಣೆ ಬರುವ ತನಕ. ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಕೆಳಗಿನದು. ಹಾಗೆ ಮಾಡಿದರೆ ಎಣ್ಣೆ ಸುರಿದುಹೋಗುವುದಿಲ್ಲ.

ಇನ್ನು ಫೋರ್ ಸ್ಟ್ರೋಕ್. ತುಂಬುವ ಮುಚ್ಚಳದ ಒಳಗಡೆ ಮಾತ್ರ ಬಿಳಿ ಲೇಪ ಇದ್ದು, ಡಿಪ್‌ಸ್ಟಿಕ್ (ಎಣ್ಣೆ ಮಟ್ಟ ನೋಡುವ ಕಡ್ಡಿ) ಎಣ್ಣೆ ತಿಳಿಯಾಗಿದ್ದರೆ ಅದು ಸಾಮಾನ್ಯವಾಗಿ ಒಳಗಿನ ಆವಿ. ಇಂಜಿನ್ ಬಿಸಿಯಾಗುವ ಮೊದಲೇ ನಿಲ್ಲಿಸುವವರಿಗೆ, ಥರ್ಮೋಸ್ಟಾಟ್ (ತಣ್ಣಗಿಡುವ ನೀರನ್ನು ಬಿಸಿ ನೋಡಿ ಬಿಡುವ ವಾಲ್ವ್) ತೆರೆದೇ ನಿಂತವರಿಗೆ ಇದು ಬರುತ್ತದೆ. ಎಣ್ಣೆಯ ಮಟ್ಟ ಏರಿ, ಪೆಟ್ರೋಲ್ ವಾಸನೆ ಬಂದು, ಬಣ್ಣ ಬದಲಾಗದೆ ಇದ್ದರೆ ಸೇರಿದ್ದು ನೀರಲ್ಲ, ಪೆಟ್ರೋಲ್. ಮಟ್ಟವೂ ಏರಿ ಎಣ್ಣೆ ಪೂರ್ತಿ ಬೆಳ್ಳಗಾಗಿದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಪದರ) ಮೇಲೆ, ಉಪ್ಪು ತಿಂದ ಎಕ್ಸಾಸ್ಟ್ ದಾರಿಯ ಮೇಲೆ ಅನುಮಾನ ಪಡಿ. ಕಂಪ್ರೆಶನ್ ಪರೀಕ್ಷೆಯಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರ್ ಕಮ್ಮಿ ತೋರಿಸಿದರೆ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಜಾಸ್ತಿ. ಅಂಥ ಇಂಜಿನನ್ನು ಸುಮ್ನೆ ಇನ್ನೊಮ್ಮೆ ಸ್ಟಾರ್ಟ್ ಮಾಡಿ ನೋಡೋಣ ಅನ್ನಬೇಡಿ. ದಡದಲ್ಲೇ ಎಣ್ಣೆ ಇಳಿಸಿ, ಫಿಲ್ಟರ್ ತೆಗೆದು, ಮೆಕ್ಯಾನಿಕ್ ಹತ್ತಿರ ತನ್ನಿ.