ಕಾರಿನ ಮೇಲೆ ಸುರಿದು ಗಟ್ಟಿಯಾದ ಮರದ ಅಂಟು, ಪೇಂಟ್‌ಗೆ ಏನೂ ಆಗದೆ ಎದ್ದು ಬಂತು: ನನ್ನ ಅನುಭವ

"ಇದು ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಒಳಗೇ ಇಳಿದಿದೆ, ಬಾನೆಟ್ ಮರುಪೇಂಟ್ ಮಾಡಿಸಿ ಬಿಡಿ" ಎಂದವರೇ ಮೊನ್ನೆ ಬಂದು ಕೈಯಾಡಿಸಿ ನೋಡಿದರು. ಒಂದು ಗಂಟೂ ಸಿಗಲಿಲ್ಲ. ಖರ್ಚು? ಅವರು ಹೇಳಿದ ರೇಟಿನ ಇಪ್ಪತ್ತರಲ್ಲಿ ಒಂದು ಪಾಲೂ ಆಗಿಲ್ಲ.

ಹಸಿ ಅಂಟಾದರೆ ಯಾರು ಬೇಕಾದರೂ ತೆಗೆಯುತ್ತಾರೆ. ನನ್ನದು ತಿಂಗಳುಗಟ್ಟಲೆ ಬಿಸಿಲಿಗೆ ಬೆಂದ ಪೈನ್ ಮರದ ಅಂಟು, ಉಗುರಿಗೆ ಜಗ್ಗುತ್ತಿರಲಿಲ್ಲ. ಬಿಸಿನೀರಿನ ಬಟ್ಟೆ ಇಟ್ಟೆ. ಮೆತ್ತಗಾಯಿತು, ಆದರೆ ಒರೆಸಿದ ಕೂಡಲೇ ಒಂದು ಹನಿ ಅಂಗೈಯಗಲ ಹರಡಿಕೊಂಡಿತು. ಸೀಮೆಎಣ್ಣೆ ಜಿಡ್ಡು ಬಿಟ್ಟಿತೇ ಹೊರತು ಅಂಟು ಬಿಡಲಿಲ್ಲ. ಅಂಟು ತೆಗೆಯಲೆಂದೇ ಮಾರುವ ಬಾಟಲಿ ತಂದೆ. ದುಡ್ಡು ಜಾಸ್ತಿ ಹೋದದ್ದು ಅದಕ್ಕೇ, ಕೆಲಸ ಮಾಡಿದ್ದು ಸಣ್ಣ ಚುಕ್ಕೆಗಳ ಮೇಲೆ ಮಾತ್ರ. ಪೇಂಟ್ ಮೇಲಿನ ಕೊಳೆ ಎತ್ತುವ ಜೇಡಿಮಣ್ಣಿನಂಥ ಮುದ್ದೆ, ಕ್ಲೇ ಬಾರ್ ಅಂತೂ ಅಂಟು ಮೆತ್ತಿಕೊಂಡು ಅರ್ಧಕ್ಕರ್ಧ ಕಸದ ಬುಟ್ಟಿಗೆ ಹೋಯಿತು. ಥಿನ್ನರ್ ಹಚ್ಚಿ ಎಂದವರೂ ಇದ್ದರು. ಅದನ್ನು ನಾನು ಮುಟ್ಟಲಿಲ್ಲ.

ಕೊನೆಗೆ ಗೆದ್ದದ್ದು ಐಸೊಪ್ರೊಪೈಲ್ ಆಲ್ಕೋಹಾಲ್, ಬೇಗ ಆರುವ ಒಂದು ಬಗೆಯ ಸ್ಪಿರಿಟ್. ಎಲ್ಲರೂ ಅದನ್ನು ಬಟ್ಟೆಗೆ ಹಾಕಿ ಉಜ್ಜುತ್ತಾರೆ, ಅಲ್ವಾ? ಅಂಟು ಕರಗುವ ಮೊದಲೇ ಅದು ಆರಿಹೋಗುತ್ತದೆ. ನಾನು ಉಜ್ಜಲೇ ಇಲ್ಲ, ಆರಲೂ ಬಿಡಲಿಲ್ಲ. ಕಾರು ತೊಳೆದು, ನೆರಳಲ್ಲಿ ಬಾನೆಟ್ ತಣ್ಣಗಾದ ಮೇಲೆ, ಹನಿಯಷ್ಟೇ ಅಗಲದ ಹತ್ತಿ ನೆನೆಸಿ ಇಟ್ಟು, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿದೆ. ಸುಮಾರು ಐದು ನಿಮಿಷ. ತೆಗೆದಾಗ ಹತ್ತಿಯ ಅಡಿ ಹಳದಿಯಾಗಿತ್ತು. ಹನಿಯ ಅಂಚು ಕರಗಿ, ನಡುವಿನ ಗಟ್ಟಿ ಭಾಗ ಮಾತ್ರ ಉಳಿದಿತ್ತು. ಹೊಸ ಹತ್ತಿ, ಮತ್ತೆ ಅಷ್ಟೇ ಹೊತ್ತು. ಆಮೇಲೆ ಮೈಕ್ರೋಫೈಬರ್‌ನಿಂದ ಅಂಚಿನಿಂದ ನಡುವಿಗೆ ಮೆಲ್ಲಗೆ ಎತ್ತಿದೆ. ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು, ಕೂಡಲೇ ನೀರಿನ ಒರೆಸು. ಶೇಕಡ 70ರದ್ದೂ 99ರದ್ದೂ ಎರಡೂ ನೋಡಿದೆ. ಹಳೇ ಹನಿಗೆ 99, ಅದೂ ಮುಚ್ಚಿಟ್ಟರೆ ಮಾತ್ರ. ಹತ್ತಿರದಲ್ಲಿ ಬೆಂಕಿ, ಕಿಡಿ ಇರಕೂಡದು.

ಬಾಗಿಲಿನ ಮೇಲೆ ಹತ್ತಿ ನಿಲ್ಲುವುದಿಲ್ಲ. ಅಲ್ಲಿಗೆ ಹ್ಯಾಂಡ್ ಸ್ಯಾನಿಟೈಸರ್ ಜೆಲ್ ದಪ್ಪಗೆ ಬಳಿದು ನೋಡಿದೆ, ಜಾರದೆ ಕೂತು ಚೆನ್ನಾಗಿ ಕೆಲಸ ಮಾಡಿತು. ಮುಂದಿನ ಗಾಜಿನ ಮೇಲೆ ಐಸ್ ಇಟ್ಟೆ. ಅಂಟು ಪೆಡಸಾಗಿ, ಬ್ಲೇಡ್ ತಾಗಿಸಿದರೆ ಚಟ್ ಎಂದು ಹಾರಿತು. ಇದು ಗಾಜಿಗೆ ಮಾತ್ರ, ಪೇಂಟ್ ಹತ್ತಿರ ಬ್ಲೇಡ್ ಬೇಡವೇ ಬೇಡ. ಇನ್ನೊಂದು, ಮರದ ಕೆಳಗೆ ನಿಂತ ಕಾರಿನ ಮೇಲಿನ ಸಣ್ಣ ಸಣ್ಣ ಅಂಟು ಚುಕ್ಕೆಗಳೆಲ್ಲ ಮರದ್ದಲ್ಲ. ಎಷ್ಟೋ ಸಲ ಅದು ಎಲೆಯ ರಸ ಹೀರುವ ಹೇನುಗಳು ಬಿಡುವ ಸಿಹಿ ದ್ರವ. ಅದು ಸೋಪು ನೀರಿಗೇ ಹೋಗುತ್ತದೆ, ಆಲ್ಕೋಹಾಲ್ ಸುಮ್ನೆ ದಂಡ.

ಅಂಟು ಹೋದ ಮೇಲೆ ಕೆಲವು ಕಡೆ ಮಸುಕು ಉಂಗುರ ಉಳಿಯಿತು. ಕೈಯಲ್ಲೇ ಸಣ್ಣ ಪಾಲಿಶ್ ಕೊಟ್ಟೆ. ಕ್ಲಿಯರ್ ಕೋಟ್ ಇರುವುದೇ ಸುಮಾರು 40–50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್), ಮಷಿನ್ ಹಿಡಿದು ಶೌರ್ಯ ತೋರಿಸುವ ಜಾಗ ಅದಲ್ಲ. ಯಾವ ಪಾಲಿಶ್‌ಗೆ ಏನು ಬೆರೆಸಿದೆ ಎಂಬುದು ನನ್ನ ಹತ್ತಿರವೇ ಇರಲಿ. ಆಲ್ಕೋಹಾಲ್ ವ್ಯಾಕ್ಸನ್ನೂ ಎತ್ತಿಬಿಡುತ್ತದೆ, ಹಾಗಾಗಿ ಅದೇ ದಿನ ವ್ಯಾಕ್ಸ್ ಹಾಕಿದೆ.

ಮರುಪೇಂಟ್ ಆಗಿರುವ ಬಂಪರ್, ಬಾಗಿಲು ಇದ್ದರೆ ಮೊದಲು ಬಾಗಿಲಿನ ಒಳ ಅಂಚಿನಂಥ ಕಾಣದ ಜಾಗದಲ್ಲಿ ಹಚ್ಚಿ ನೋಡಿ. ಹತ್ತಿಗೆ ಕಾರಿನ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ.